ಗಂಡಸರಿಗೆ ಫೋನ್ ಕೊಡಮ್ಮ

ಆಯಮ್ಮ ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ಹೆಸರು ಬರೆಯುವುದಿಲ್ಲ. ಬೇಡ ಎಂದು ಮಗಳು ಕೇಳಿಕೊಂಡಿದ್ದಾಳೆ. ಬರೆಯದಿದ್ದರೂ ಕಂದಿಕೆರೆ ಕಡೆಯವರಿಗೆ, ತಿಪಟೂರಿನ ಕೊಬ್ಬರಿ ಮಂಡಿಯವರಿಗೆ ಯಾರೆಂದು ಗೊತ್ತಾಗಿಯೇ ಆಗುತ್ತದೆ. ಆಗಲಿ. ಗೊತ್ತಾದವರಲ್ಲಿ ಒಬ್ಬರಾದರೂ ಜೇಬಿನ ಬೀಡಿಕಟ್ಟನ್ನು ಚರಂಡಿಗೆ ಎಸೆದರೆ, ಇದನ್ನು ಬರೆದ ಖರ್ಚು ಹುಟ್ಟಿತು ಎಂದುಕೊಳ್ಳುತ್ತೇನೆ.

ನಮ್ಮಿಬ್ಬರ ಪರಿಚಯ ಆದದ್ದು ಫೋನಿನಲ್ಲಿ. ನಾನು ಆಗತಾನೆ ಕಂಡವರ ಮಂಡಿಯಲ್ಲಿ ಚೀಲ ಹೊರುವುದು, ತೂಕ ಬರೆಯುವುದು ಎಲ್ಲ ಬಿಟ್ಟು ಸ್ವಂತಕ್ಕೆ ಒಂದು ಗೋಡೌನ್ ಹಿಡಿದಿದ್ದೆ. ಚಿಕ್ಕನಾಯಕನಹಳ್ಳಿ ಕಡೆಯಿಂದ ಯಾರೋ ಫೋನ್ ಮಾಡಿ, ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿಯ ಕೊಬ್ಬರಿ ಇದೆ, ಎಷ್ಟಕ್ಕೆ ತಗೋತೀಯ ಎಂದರು. ದಪ್ಪ ಧ್ವನಿ, ಎದೆಯ ಆಳದಿಂದ ಬರುವಂಥದ್ದು. ಐವತ್ತು ದಾಟಿದ, ಊರಲ್ಲಿ ನಾಲ್ಕು ಜನ ಮಾತು ಕೇಳುವ ಗಂಡಸು ಎಂದುಕೊಂಡೆ. ನಾನೊಂದು ರೇಟು ಹೇಳಿದೆ. ಆ ಕಡೆಯಿಂದ ಉತ್ತರವಿಲ್ಲ. ಬೆಂಕಿಕಡ್ಡಿ ಗೀರಿದ ಸದ್ದು ಕೇಳಿತು. ಆಮೇಲೆ ಮತ್ತೆ ಸದ್ದಿಲ್ಲ. ಫೋನ್ ಕಟ್ಟಾಯಿತೇನೋ ಎಂಬ ಹೆದರಿಕೆಗೆ ನಾನೇ ಇನ್ನಷ್ಟು ಏರಿಸಿದೆ. "ಹೂಂ ಅಣ್ಣಾ, ಆಯ್ತಾ?" ಎಂದೆ. "ನಾಳೆ ತತ್ತೀನಿ" ಎಂದಷ್ಟೇ ಹೇಳಿ ಇಟ್ಟರು.

ಮಾರನೆಯ ದಿನ ಬೆಳಗ್ಗೆ ಲಗೇಜ್ ಆಟೋದಿಂದ ಇಳಿದದ್ದು ಒಬ್ಬ ಹೆಂಗಸು. ಎತ್ತರದ ಆಳು, ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಾಳೆ, ಕಾಲಲ್ಲಿ ಗಂಡಸರ ಚಪ್ಪಲಿ. ಚೀಲ ಇಳಿಸಿ ಎಂದು ಹಮಾಲಿಗಳಿಗೆ ಹೇಳಿದ ಧ್ವನಿ ಕೇಳಿದ ಮೇಲೆ ನಾನು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದೆ.

"ಯಾಕಪ್ಪ, ನೆನ್ನೆ ಅಣ್ಣಾ ಅಣ್ಣಾ ಅಂತಿದ್ದೆ, ಇವತ್ತು ಬಾಯೇ ಬತ್ತಿಲ್ಲ?" ಎಂದಳು. "ಅಕ್ಕ ಅನ್ನು. ರೇಟು ಮಾತ್ರ ಅದೇಯ."

ಅವತ್ತಿನಿಂದ ಅಕ್ಕ ಎಂದೇ ಕರೆದೆ. ಆಯಮ್ಮ ನನ್ನನ್ನು ಸಾವ್ಕಾರ ಎನ್ನುತ್ತಿದ್ದಳು. ಅದು ಮರ್ಯಾದೆಗೆ ಹೇಳಿದ್ದಲ್ಲ, ಕಾಲೆಳೆಯಲಿಕ್ಕೆ.

ಹುಟ್ಟಿದ್ದು ಕುರಿ ಸಾಕುವವರ ಹಟ್ಟಿಯಲ್ಲಿ, ಕೊಟ್ಟಿದ್ದೂ ಅಂಥದ್ದೇ ಹಟ್ಟಿಗೆ. ಬೀಡಿ ಕಲಿತದ್ದೂ ಅಲ್ಲೇ. ಚಳಿಯಲ್ಲಿ ಹೊಲದ ನಡುವೆ ಕುರಿ ಮಂದೆ ಕಾಯುವಾಗ ಗಂಡ ಅರ್ಧ ಸೇದಿ ಉಳಿದರ್ಧ ಇವಳಿಗೆ ಕೊಡುತ್ತಿದ್ದನಂತೆ. ಆತ ಹಾವು ಕಚ್ಚಿ ತೀರಿಕೊಂಡ ಮೇಲೆ ಇವಳೇ ಟಗರು ಹೊಡೆದುಕೊಂಡು ಸಂತೆಗೆ ಹೋದಳು. ಕುರಿ ಸಂತೆಯ ವ್ಯಾಪಾರ ನೋಡಿದವರಿಗೆ ಗೊತ್ತು, ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ ಅಡಿಯಲ್ಲಿ ಕೈ ಸೇರಿಸಿ ಬೆರಳು ಒತ್ತಿ ಬೆಲೆ ಮುಗಿಸುತ್ತಾರೆ. ಹೆಂಗಸಿನ ಕೈಗೆ ಯಾವ ಗಂಡಸು ಟವೆಲ್ ಹೊದಿಸುತ್ತಾನೆ? ದಲ್ಲಾಳಿಗಳು ಇವಳ ಟಗರಿನ ಹಲ್ಲು ನೋಡಿ, ಸೊಂಟ ಹಿಡಿದು ನೋಡಿ, ಆಮೇಲೆ ಪಕ್ಕದಲ್ಲಿ ನಿಂತಿದ್ದ ಮೈದುನನ ಕಡೆ ಕೈ ಚಾಚುತ್ತಿದ್ದರಂತೆ. ಎಷ್ಟಕ್ಕೆ ಮುಗಿಯಿತು ಎಂಬುದು ಇವಳಿಗೆ ಕೊನೆಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದ್ದದ್ದೂ ಮೈದುನ ಹೇಳಿದಷ್ಟೇ.

"ಕೊಬ್ಬರಿ ಯಾಕೆ ಹಿಡಿದೆ ಗೊತ್ತಾ ಸಾವ್ಕಾರ? ಇದ್ರಾಗೆ ಬಾಯಲ್ಲಿ ಹೇಳ್ತಾರೆ" ಎಂದಿದ್ದಳು.

ಆದರೆ ಬಾಯಲ್ಲಿ ಹೇಳುವ ವ್ಯಾಪಾರಕ್ಕೆ ಬಂದರೂ ಮೊದಮೊದಲು ಆಯಮ್ಮನ ಬಾಯಿಗೆ ಬೆಲೆ ಇರಲಿಲ್ಲ. ಆಗಿನ ಧ್ವನಿ ತೆಳ್ಳಗಿತ್ತಂತೆ. ಫೋನ್ ಮಾಡಿ ರೇಟು ಕೇಳಿದರೆ ಆ ಕಡೆಯಿಂದ ಬರುತ್ತಿದ್ದದ್ದು ಒಂದೇ ಮಾತು: ಮನೇಲಿ ಗಂಡಸರಿದ್ದರೆ ಫೋನ್ ಕೊಡಮ್ಮ. ಅಟ್ಟದ ಕಾಯಿ ನೋಡಲು ತೋಟದ ಮನೆಗಳಿಗೆ ಹೋದರೆ, ಯಜಮಾನರು ಬರಲಿ ಇರು ಎಂದು ಜಗಲಿಯ ಮೇಲೆ ಕೂರಿಸುತ್ತಿದ್ದರು.

ಧ್ವನಿ ಇಳಿದದ್ದು ಒಂದೇ ದಿನದಲ್ಲಲ್ಲ. ಕಾಯಿ ಸುಲಿಸುವ ಕಡೆ ದಿನವಿಡೀ ನಿಲ್ಲುತ್ತಿದ್ದಳು. ಅಲ್ಲಿ ನಾರಿನ ಧೂಳು ಮಂಜಿನ ಹಾಗೆ ಏಳುತ್ತದೆ. ನಮ್ಮ ಕಡೆ ಯಾರ ಗಂಟಲು ಕಟ್ಟಿದರೂ ತಪ್ಪು ಆ ಧೂಳಿನದೇ. ಕೆಮ್ಮಿದರೆ ಧೂಳು, ಕಫ ಬಂದರೆ ಧೂಳು, ಧ್ವನಿ ಒಡೆದರೆ ಧೂಳು. ಆಯಮ್ಮನೂ ಧೂಳು ಬೀಳದಿರಲಿ ಎಂದು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಬೀಡಿ ಸೇದಬೇಕಾದಾಗ ಆ ಬಟ್ಟೆಯನ್ನು ಕೆಳಗೆ ಜಾರಿಸುತ್ತಿದ್ದಳು. ಇದನ್ನು ನಾನು ನೂರು ಸಲ ನೋಡಿದ್ದೇನೆ. ನೋಡಿದ ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ.

ಧ್ವನಿ ದಪ್ಪವಾಗುತ್ತಾ ಹೋದ ಹಾಗೆ ವ್ಯಾಪಾರ ಕುದುರುತ್ತಾ ಬಂತು. ಫೋನಿನಲ್ಲಿ ಗಂಡಸರನ್ನು ಕೇಳುವವರು ಇಲ್ಲವಾದರು. ಗೌಡ್ರೇ ಎನ್ನುವವರು, ಅಣ್ಣಾ ಎನ್ನುವವರು, ಸಾರ್ ಎನ್ನುವವರು. ಆಯಮ್ಮ ಯಾರನ್ನೂ ತಿದ್ದುತ್ತಿರಲಿಲ್ಲ. ಒಂದು ಸಲ ಮಾತ್ರ ಅದು ತಿರುಗುಬಾಣವಾಯಿತು. ಎಟಿಎಂ ಕಾರ್ಡು ಕಳೆದುಕೊಂಡು ಬ್ಯಾಂಕಿನವರಿಗೆ ನನ್ನ ಗೋಡೌನಿನಿಂದಲೇ ಫೋನ್ ಹಚ್ಚಿದಳು. ಆ ಕಡೆಯ ಹುಡುಗ ಖಾತೆ ಹೆಂಗಸರ ಹೆಸರಲ್ಲಿದೆ, ಅವರಿಗೇ ಫೋನ್ ಕೊಡಿ ಸಾರ್ ಎಂದ. ನಾನೇ ಕಣಪ್ಪ ಎಂದಳು. ಅವನು ಮೋಸದ ಫೋನೆಂದು ತಿಳಿದು ಇಟ್ಟುಬಿಟ್ಟ. ಆಯಮ್ಮ ನಗಲು ಶುರುಮಾಡಿದಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಚೀಲದ ಮೇಲೆ ಕೈಯೂರಿ ಬಗ್ಗಿ ನಿಂತಳು. ನೀರು ಕೊಟ್ಟೆ. ಕುಡಿದು, ಕಣ್ಣೊರೆಸಿಕೊಂಡು, ಮತ್ತೊಂದು ಬೀಡಿ ಹಚ್ಚಿದಳು.

ವ್ಯಾಪಾರ ಮಾಡುವವನಾಗಿ ಒಂದು ಮಾತು ಹೇಳಬೇಕು. ಆಯಮ್ಮನ ಹಾಗೆ ಚೌಕಾಶಿ ಮಾಡಿದವರನ್ನು ನಾನು ಕಂಡಿಲ್ಲ. ನಾವು ಮಾತಾಡಿ ಗೆಲ್ಲಲು ನೋಡುತ್ತೇವೆ, ಆಯಮ್ಮ ಸುಮ್ಮನಿದ್ದು ಗೆಲ್ಲುತ್ತಿದ್ದಳು. ರೇಟು ಹೇಳಿ, ಗೋಡೆಯ ಕಡೆ ತಿರುಗಿ, ಸೆರಗಿನ ಮರೆಯಲ್ಲಿ ಬೀಡಿ ಹಚ್ಚುವಳು. ಹಚ್ಚಿ ಮುಗಿಸುವ ಹೊತ್ತಿಗೆ ಎದುರಿಗಿದ್ದವನು ಬಾಯಿಬಿಟ್ಟಿರುತ್ತಿದ್ದ. ಮೊದಲು ಬಾಯಿಬಿಟ್ಟವನು ಬಿಟ್ಟುಕೊಡುತ್ತಾನೆ, ಇದನ್ನು ಈಗ ವ್ಯಾಪಾರಕ್ಕಿಳಿದಿರುವವರು ಮನಸ್ಸಿನಲ್ಲಿಟ್ಟುಕೊಳ್ಳಿ. ಸುಮ್ಮನಿರುವುದನ್ನು ಆಯಮ್ಮನಿಂದ ಕಲಿಯಿರಿ, ಬೀಡಿ ಬೇಡ. ಬೀಡಿ ಇಲ್ಲದೆಯೂ ಸುಮ್ಮನಿರಬಹುದು. ಈ ಮಾತನ್ನು ಆಯಮ್ಮನಿಗೇ ಹೇಳಿ ನೋಡಿದ್ದೇನೆ. ಬೀಡಿ ಇಲ್ದೆ ಸುಮ್ನಿದ್ರೆ ಹೆಂಗಸು ಹೆದರ್ಕಂಡ್ಲು ಅಂತಾರೆ ಕಣಪ್ಪ ಎಂದಿದ್ದಳು.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ನನಗೆ ಅನುಮಾನ ಬಂತು. ಫೋನಿನಲ್ಲಿ ಆಯಮ್ಮನ ಮಾತು ತುಂಡಾಗತೊಡಗಿತ್ತು. ನಾಲ್ಕು ಪದ ಹೇಳುವಳು, ಉಸಿರೆಳೆದುಕೊಳ್ಳುವಳು, ಮತ್ತೆ ನಾಲ್ಕು ಪದ. ಎದುರಿಗೆ ಕೂತಾಗ ಉಸಿರಿನ ಸದ್ದು ಕೇಳುತ್ತಿತ್ತು, ಒಣ ಗರಿ ನೆಲದ ಮೇಲೆ ಎಳೆದ ಹಾಗೆ. ಅಟ್ಟದ ಏಣಿ ಹತ್ತುವುದನ್ನು ನಿಲ್ಲಿಸಿ ಮಗಳನ್ನು ಹತ್ತಿಸುತ್ತಿದ್ದಳು. ಮಗಳು ಚಿಕ್ಕನಾಯಕನಹಳ್ಳಿಯಲ್ಲಿ ಡಿಗ್ರಿ ಮುಗಿಸಿ ತಾಯಿಯ ಜೊತೆಗೇ ವ್ಯಾಪಾರಕ್ಕೆ ನಿಂತಿದ್ದವಳು. ಅವಳು ಒಂದು ದಿನ ನನ್ನ ಹತ್ತಿರ, ಅವ್ವ ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾಳೆ, ನನ್ನ ಮಾತು ಕೇಳುವುದಿಲ್ಲ, ನೀವು ಹೇಳಿ ಎಂದಳು. ನಾನು ಹೇಳಿದೆ. ಆಯಮ್ಮ ಧೂಳು ಎಂದಳು. ಕಲ್ಲುಸಕ್ಕರೆ, ಮೆಣಸು, ಕೊಬ್ಬರಿ ಜಗಿಯುತ್ತಿದ್ದೀನಿ, ಹೋಗುತ್ತದೆ ಎಂದಳು. ಇನ್ನೇನು ಮಾಡಲಿ, ತುಮಕೂರಿನಲ್ಲಿ ಕೊಬ್ಬರಿ ಕೊಳ್ಳುವ ಒಬ್ಬ ದೊಡ್ಡ ಪಾರ್ಟಿ ಇದ್ದಾನೆ, ಮುಖತಃ ಮಾತಾಡಬೇಕಂತೆ ಎಂದು ಕಾರು ಹತ್ತಿಸಿಕೊಂಡು ಹೋದೆ. ಗಂಟಲ ಡಾಕ್ಟರ ಬೋರ್ಡಿನ ಮುಂದೆ ಕಾರು ನಿಂತಾಗ ನನ್ನನ್ನು ದುರುಗುಟ್ಟಿ ನೋಡಿ, "ಇವ್ರೇನಾ ಪಾರ್ಟಿ?" ಎಂದಳು. ಆದರೂ ಇಳಿದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮೂಗಿನೊಳಗಿಂದ ದಾರದಂಥ ಕ್ಯಾಮೆರಾ ಇಳಿಸಿ, ಟಿವಿಯಲ್ಲಿ ನಮ್ಮಿಬ್ಬರಿಗೂ ತೋರಿಸಿದರು. ಧ್ವನಿಪೆಟ್ಟಿಗೆಯಲ್ಲಿ ಎರಡು ಬೆಳ್ಳಗಿನ ತೆಳು ಪಟ್ಟಿಗಳಿರಬೇಕು, ಅವು ಒಂದಕ್ಕೊಂದು ತಾಗಿ ಅದುರಿದರೆ ಮಾತು ಎಂದರು. ಆಯಮ್ಮನ ಗಂಟಲಲ್ಲಿ ಪಟ್ಟಿಗಳೇ ಕಾಣಲಿಲ್ಲ. ಆ ಜಾಗದಲ್ಲಿ ಎರಡು ಊದಿದ ಚೀಲ. ಉಸಿರೆಳೆದಾಗ ಎರಡೂ ಒಳಕ್ಕೆ ಜೋತು ದಾರಿಯನ್ನು ಮುಚ್ಚುತ್ತಿದ್ದವು. ಪೊರೆಯ ಕೆಳಗೆ ಎಳನೀರಿನ ಗಂಜಿಯ ಹಾಗೆ ಲೋಳೆ ತುಂಬಿದೆ, ಪಟ್ಟಿ ಭಾರವಾದಷ್ಟೂ ಧ್ವನಿ ದಪ್ಪವಾಗುತ್ತದೆ ಎಂದರು. ಎಷ್ಟು ವರ್ಷದಿಂದ ಸೇದುತ್ತೀರ ಎಂದು ಕೇಳಿದರು. ನಾನು ಧೂಳಿನ ವಿಷಯ ಎತ್ತಿದೆ. ಧೂಳಿನಿಂದ ಕೆಮ್ಮು ಬರಬಹುದು ಸಾರ್, ಪಟ್ಟಿಗಳು ಈ ರೀತಿ ಊದಿಕೊಳ್ಳುವುದಕ್ಕೆ ಮುಖ್ಯ ಕಾರಣ ಹೊಗೆ ಎಂದು ನನ್ನ ಬಾಯಿ ಮುಚ್ಚಿಸಿದರು. ಬೀಡಿ ಪೂರ್ತಿ ಬಿಡಬೇಕು, ಆಪರೇಷನ್ ಮಾಡಿ ಲೋಳೆ ತೆಗೆಯಬೇಕು, ಒಂದು ಕಡೆ ಬಿಳಿ ಮಚ್ಚೆ ಇದೆ, ಅದರ ಚೂರನ್ನು ಪರೀಕ್ಷೆಗೆ ಕಳಿಸಬೇಕು, ಉಸಿರಿನ ದಾರಿ ಕಿರಿದಾಗಿದೆ, ಮುಂದೂಡಬೇಡಿ. ಆ ಡಾಕ್ಟರು ಒಂದನ್ನೂ ಮುಚ್ಚಿಡಲಿಲ್ಲ.

ಆಯಮ್ಮ ಕೇಳಿದ್ದು ಒಂದೇ. "ಆಪ್ರೇಷನ್ ಆದ್ಮೇಲೆ ನನ್ನ ಧ್ವನಿ ಹೆಂಗಾಯ್ತದೆ?"

ಡಾಕ್ಟರಿಗೆ ಸಂತೋಷವಾಯಿತು. "ಸ್ವಲ್ಪ ದಿನ ಮಾತಾಡಬಾರದು ಅಮ್ಮ. ಆಮೇಲೆ ನಿಧಾನವಾಗಿ ಮೊದಲಿನ ಧ್ವನಿ ಬರುತ್ತೆ. ನನ್ನ ಥರ, ಹೆಂಗಸರ ಧ್ವನಿ."

ಆಯಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಿಮಗೆ ಬಿಳೀ ಕೋಟೈತೆ ಡಾಕ್ಟ್ರೇ, ಸಣ್ಣ ಧ್ವನೀಲಿ ಹೇಳಿದ್ರೂ ಕೇಳ್ತಾರೆ. ನಂಗೇನೈತೆ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಚೀಟಿ ತೆಗೆದುಕೊಂಡು ಆಯಮ್ಮನ ಹಿಂದೆ ಹೊರಟೆ.

ವಾಪಸ್ಸು ಬರುವಾಗ ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಲೋಟ ಕೈಗೆ ಬರುವ ಮುಂಚೆ ಬೀಡಿ ಹಚ್ಚಿದ್ದಳು. ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಬದುಕಿದ್ದರೆ ತಾನೆ ರೇಟು ಎಂದೆ. ಮಾತಾಡಬಾರದ ದಿನಗಳಲ್ಲಿ ನಿನ್ನ ಫೋನುಗಳನ್ನೆಲ್ಲ ನಾನು ಎತ್ತುತ್ತೇನೆ, ನಿನ್ನ ಪಾರ್ಟಿಗಳನ್ನು ಬಿಡದಂತೆ ಹಿಡಿದಿಡುತ್ತೇನೆ ಎಂದೆ. ಆಯಮ್ಮ ಹೊಗೆ ಬಿಟ್ಟಳು.

"ನಿನ್ನ ಧ್ವನೀಲಿ ನನ್ನ ವ್ಯಾಪಾರ ನಡೆದ್ರೆ ಆಮೇಲೆ ಅದು ನಿನ್ನ ವ್ಯಾಪಾರ ಕಣಪ್ಪ. ನೀನು ಒಳ್ಳೇವ್ನೇ. ಆದ್ರೂ ಅಂಗೇ ಆಗಾದು."

ನನಗೆ ಸಿಟ್ಟು ಬಂತು. ಆದರೆ ಅವಳ ಜಾಗದಲ್ಲಿ ನಾನಿದ್ದರೂ ಇದೇ ಲೆಕ್ಕ ಹಾಕುತ್ತಿದ್ದೆ.

"ಈ ಧ್ವನಿ ದೇವ್ರು ಕೊಟ್ಟಿದ್ದಲ್ಲ, ನಾನೇ ಮಾಡ್ಕಂಡಿದ್ದು" ಎಂದಳು. "ಇದನ್ನ ತೆಗೆಸ್ಕಂಡು ಮತ್ತೆ ಜಗಲಿ ಮ್ಯಾಲೆ ಕೂತ್ಕಳ್ಳಾ? ಬುಡು."

ಆಮೇಲೆ ಆಯಮ್ಮ ಚೌಕಾಶಿಗೆ ಇಳಿದದ್ದು ಕಾಯಿಲೆಯ ಜೊತೆ. ಕಟ್ಟು ಬೀಡಿ ಸೇದುತ್ತಿದ್ದವಳು ಅರ್ಧ ಕಟ್ಟಿಗೆ ಇಳಿಸಿದೆ ಎಂದಳು. ಬೀಡಿ ಬಿಟ್ಟು ಫಿಲ್ಟರ್ ಸಿಗರೇಟು ಹಿಡಿದಳು, ಅದರ ಹೊಗೆ ಸೋಸಿ ಬರುತ್ತದಂತೆ. ಬಿಸಿನೀರಿನ ಹಬೆ ತೆಗೆದುಕೊಂಡಳು. ಈ ಲೋಡು ಹೋಗಲಿ, ದೀಪಾವಳಿ ಕಳೆಯಲಿ, ಮಗಳು ಪಾರ್ಟಿಗಳ ಪರಿಚಯ ಮಾಡಿಕೊಳ್ಳಲಿ, ಹೀಗೆ ಒಂದೊಂದೇ ವಾಯಿದೆ. ಓದುವವರು ದಯವಿಟ್ಟು ಕೇಳಿ. ಎಮ್ಮೆ ಕೊಳ್ಳುವಾಗ, ಸೈಟು ಕೊಳ್ಳುವಾಗ, ಸೊಪ್ಪು ಕೊಳ್ಳುವಾಗ ಕೂಡ ಚೌಕಾಶಿ ಮಾಡಿ, ನಾನು ಬೇಡ ಅನ್ನುವುದಿಲ್ಲ. ಗಂಟಲು ಮಾತ್ರ ಚೌಕಾಶಿ ಮಾಡುವ ಜಾಗ ಅಲ್ಲ. ಎರಡು ಮೂರು ವಾರವಾದರೂ ಧ್ವನಿ ಸರಿಹೋಗದಿದ್ದರೆ ಧೂಳು, ತಂಪು, ಎಳನೀರು ಎಂದು ಕಾರಣ ಹುಡುಕುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸೇದುವವರಾದರೆ ಇನ್ನೂ ಬೇಗ ಹೋಗಿ.

ಮಾಗಿಯ ಚಳಿಯಲ್ಲಿ ನೆಗಡಿ ಬಂತು. ನಮಗೆ ನಿಮಗೆ ಬರುವಂಥದ್ದೇ. ಮೊದಲೇ ಕಿರಿದಾಗಿದ್ದ ದಾರಿ ಆ ನೆಗಡಿಗೆ ಇನ್ನಷ್ಟು ಊದಿತು. ಹಗಲು ಹೊತ್ತಿನಲ್ಲಿ, ಹಟ್ಟಿಯ ತನ್ನ ಗೋಡೌನಿನಲ್ಲಿ, ಚೀಲ ಹೊಲಿಯುವವರ ನಡುವೆ ಉಸಿರು ಎಳೆಯಲಾಗದೆ ಕುಕ್ಕರಿಸಿದಳು. ಎಳೆದರೆ ಸೀಟಿಯ ಸದ್ದು, ಗಾಳಿ ಇಲ್ಲ. ಮಗಳು ಲೋಡು ತುಂಬಿದ್ದ ಲಗೇಜ್ ಆಟೋದಿಂದ ಚೀಲಗಳನ್ನು ರಸ್ತೆಗೆ ಉರುಳಿಸಿ ತಾಯಿಯನ್ನು ಹತ್ತಿಸಿಕೊಂಡು ಚಿಕ್ಕನಾಯಕನಹಳ್ಳಿಗೆ ತಂದಳು. ಅಲ್ಲಿಂದ ಆಂಬುಲೆನ್ಸಿನಲ್ಲಿ ತುಮಕೂರು. ನಾನು ತಲುಪುವ ಹೊತ್ತಿಗೆ ಕತ್ತಿನ ಮುಂಭಾಗದಲ್ಲಿ ತೂತು ಮಾಡಿ ಕೊಳವೆ ಇಟ್ಟಿದ್ದರು. ಆಯಮ್ಮ ಉಸಿರಾಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಬಿಳಿ ಮಚ್ಚೆಯ ಚೂರನ್ನು ಆಗ ಪರೀಕ್ಷೆಗೆ ಕಳಿಸಿದರು. ಅದು ಕ್ಯಾನ್ಸರ್, ಆಳಕ್ಕೆ ಹೋಗಿತ್ತು. ಊತವೇ ಕ್ಯಾನ್ಸರ್ ಆಯಿತೇ ಎಂದು ಮಗಳು ಕೇಳಿದಳು. ಅದೇ ಹೆಣ್ಣು ಡಾಕ್ಟರು ಕೂತು ವಿವರಿಸಿದರು: ಊತ ಬೇರೆ, ಇದು ಬೇರೆ, ಎರಡಕ್ಕೂ ಹೊಗೆಯೇ ಕಾರಣ, ಅವತ್ತೇ ಆಪರೇಷನ್ ಆಗಿದ್ದರೆ ಇದು ಮೊದಲೇ ಕೈಗೆ ಸಿಗುತ್ತಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಕರೆಂಟು ಚಿಕಿತ್ಸೆ, ಅಂದರೆ ರೇಡಿಯೇಷನ್, ಅರ್ಧ ನಡೆಯಿತು. ಮೈ ತಡೆಯಲಿಲ್ಲ. ಮನೆಗೆ ಕರೆತಂದರು. ಬೀಡಿ, ಸಿಗರೇಟು ಎರಡೂ ಪೂರ್ತಿ ನಿಂತಿದ್ದವು. ನಿಲ್ಲಿಸಿದ್ದು ಆಯಮ್ಮ ಅಲ್ಲ.

ಕೊನೆಯ ಸಲ ನೋಡಲು ಹೋದಾಗ ಮಂಚಕ್ಕೆ ಒರಗಿ ಕೂತಿದ್ದಳು. ಕತ್ತಿನ ಕೊಳವೆಯ ಮೇಲೆ ತೆಳು ಬಟ್ಟೆ, ಉಸಿರಿಗೊಮ್ಮೆ ಉಬ್ಬಿ ಕುಸಿಯುತ್ತಿತ್ತು. ಮಗಳು ರಾಗಿ ಗಂಜಿ ಕಲಸುತ್ತಿದ್ದಳು. ಆಯಮ್ಮನ ಫೋನ್ ಬಡಿದುಕೊಂಡಿತು. ಮಗಳು ಎತ್ತಿ ಸ್ಪೀಕರ್‌ಗೆ ಹಾಕಿದಳು, ತಾಯಿಗೂ ಕೇಳಲಿ ಎಂದು. ತುರುವೇಕೆರೆ ಕಡೆಯ ಯಾವನೋ ಹೊಸ ವ್ಯಾಪಾರಿ. ಕೊಬ್ಬರಿ ಇದೆಯಂತಲ್ಲ ಎಂದ. ಇದೆ ಎಂದು ಮಗಳು ರೇಟು ಹೇಳಿದಳು. ಅವಳದು ಸಣ್ಣ ಧ್ವನಿ, ಸ್ವಚ್ಛ ಧ್ವನಿ. ಆಯಮ್ಮನಿಗೂ ಒಂದು ಕಾಲಕ್ಕೆ ಇಂಥದ್ದೇ ಇತ್ತೇನೋ.

"ಗಂಡಸರಿಗೆ ಫೋನ್ ಕೊಡಮ್ಮ" ಎಂದ ಅವನು.

ನಾನು ಕೈ ಚಾಚಿದೆ. ಆಯಮ್ಮ ನನ್ನ ಕಡೆ ನೋಡಿ ತಲೆ ಆಡಿಸಿದಳು. ಬೇಡ. ಮಗಳು ಮತ್ತೆ ಫೋನಿಗೆ, ಇಲ್ಲಿ ವ್ಯಾಪಾರ ಮಾಡೋದು ನಾನೇ, ಏನಿದ್ದರೂ ನನ್ನ ಹತ್ತಿರ ಹೇಳಿ ಎಂದಳು. ಅವನು ಒಂದು ಗಳಿಗೆ ತಡೆದು, ಆಯ್ತು ಬಿಡಮ್ಮ ಆಮೇಲೆ ಮಾಡ್ತೀನಿ ಎಂದು ಇಟ್ಟ. ಆಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹೊರಡುವಾಗ ಬತ್ತೀನಿ ಅಕ್ಕ ಎಂದೆ. ತಿರುಗಲಿಲ್ಲ.

ಮಣ್ಣಿಗೆ ಮಂಡಿಯವರು ತುಂಬಾ ಜನ ಬಂದಿದ್ದರು. ಗಂಡಸಿನಂಥ ಹೆಂಗಸು ಎಂದು ಹೊಗಳಿದರು. ಮಣ್ಣು ಹಾಕಿ ಬಂದವರು ಹುಣಸೆಮರದ ನೆರಳಿಗೆ ನಿಂತು, ಒಂದೇ ಕಡ್ಡಿಯಲ್ಲಿ ಮೂವರು ಬೀಡಿ ಹಚ್ಚಿಕೊಂಡರು. ಅವರಲ್ಲಿ ಒಬ್ಬ ಹೊಗೆ ಬಿಡುತ್ತ, "ನಾರಿನ ಧೂಳು ಕಣ್ಲಾ, ಅದೇ ತಗಂಡೋಗಿದ್ದು" ಎಂದ. ಉಳಿದಿಬ್ಬರು ತಲೆಯಾಡಿಸಿದರು. ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. ಕೇಳಿದರು. ಬೀಡಿ ಮುಗಿಯುವವರೆಗೂ ಕೇಳಿದರು.

ಹೋದ ವಾರ ಆಯಮ್ಮನ ನಂಬರಿನಿಂದ ನನಗೆ ಫೋನ್ ಬಂತು. ಎತ್ತಿದರೆ ದಪ್ಪ ಧ್ವನಿ, ಎದೆಯ ಆಳದಿಂದ: ಸಾವ್ಕಾರ್ರೇ, ಕೊಬ್ಬರಿ ಐತೆ. ಗಂಟಲನ್ನು ಒತ್ತಿ, ಹಿಂಡಿ ಮಾತಾಡುತ್ತಿದ್ದದ್ದು ಮಗಳು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಬೀಡಿ ಹಿಡಿದೆಯಾ ಎಂದು ಕೇಳಿದೆ, ಮೊದಲು ಕೇಳಿದ್ದೇ ಅದು.

"ಇಲ್ಲಣ್ಣ. ಹಿಂಗೆ ಮಾತಾಡಿದ್ರೆ ಫೋನ್ ಇಡಕಿಲ್ಲ ಅಂತ" ಎಂದಳು. ಹೇಳುತ್ತ ಹೇಳುತ್ತಲೇ ಧ್ವನಿ ಜಾರಿ ಸಣ್ಣದಾಯಿತು. ಕೆಮ್ಮಿದಳು.

"ನನ್ನ ಹತ್ರ ಬೇಡ ಕಣವ್ವ. ನಿನ್ನ ಧ್ವನೀಲೇ ಹೇಳು."

ಹೇಳಿದಳು. ರೇಟು ಜಾಸ್ತಿಯೇ ಹೇಳಿದಳು. ಪಾಪದ ಹುಡುಗಿ, ತಾಯಿ ಸತ್ತಿದ್ದಾಳೆ, ಒಪ್ಪಿಬಿಡೋಣ ಎಂದು ಒಂದು ಕ್ಷಣ ಬಾಯಿಗೆ ಬಂತು. ತಡೆದೆ. ಅದು ಜಗಲಿಯ ಮೇಲೆ ಕೂರಿಸುವ ಇನ್ನೊಂದು ದಾರಿ. ಮಾಲು ಹೇಗಿದೆ, ಎಷ್ಟು ದಿನ ಅಟ್ಟದಲ್ಲಿತ್ತು, ಎಲ್ಲ ಕೇಳಿ, ಯಾರ ಹತ್ತಿರವಾದರೂ ಹೇಗೆ ಹೇಳುತ್ತೇನೋ ಹಾಗೆಯೇ ಕಡಿಮೆಗೆ ಕೇಳಿದೆ. ಆ ಕಡೆ ಮೌನ. ನಾನೂ ಬಾಯಿಬಿಡಲಿಲ್ಲ.

"ಆಗಲ್ಲ ಕಣಣ್ಣ" ಎಂದಳು ಕೊನೆಗೆ, ಆ ಸಣ್ಣ ಧ್ವನಿಯಲ್ಲೇ. "ತುರುವೇಕೆರೇಲಿ ನೋಡ್ತೀನಿ."

ಫೋನ್ ಇಟ್ಟಳು. ಆ ಲೋಡು ನನಗೆ ಸಿಗಲಿಲ್ಲ.